ಟೈರ್ ಫ್ರೇಮಿಗೆ ಉಜ್ಜುತ್ತಿದೆಯಾ? ಸಂದು ಕಮ್ಮಿ ಇರುವ ರೋಡ್ ಬೈಕಿಗೆ ಮಲೆನಾಡಿನ ಟೈರ್ ಲೆಕ್ಕ

ಶಿವಮೊಗ್ಗ ಸುತ್ತಮುತ್ತ ರೋಡ್ ಬೈಕ್ ಓಡಿಸುವವರಿಂದ ಎರಡು ದೂರು ಪದೇ ಪದೇ ಕೇಳಿಬರುತ್ತವೆ. 25 ಮಿಲಿಮೀಟರ್ ಅಗಲದ ಟೈರಿನಲ್ಲಿ ಕೈ ಜೋಮು ಹಿಡಿಯುತ್ತದೆ, ಗುಂಡಿ ಸಿಕ್ಕರೆ ಟ್ಯೂಬ್ ಹೋಗುತ್ತದೆ ಅನ್ನೋದು ಒಂದು. ಅದಕ್ಕೇ ಅಂತ 28 ಹಾಕಿಸಿದರೆ ಎಲ್ಲೋ ಉಜ್ಜುವ ಸದ್ದು ಶುರುವಾಗುತ್ತದೆ ಅನ್ನೋದು ಇನ್ನೊಂದು. ಈ ಬರಹ ಎರಡನೆಯದರ ಬಗ್ಗೆ. ಆದರೆ ಅದರ ಬೆನ್ನು ಹತ್ತಿ ಹೋದರೆ ಮೊದಲನೆಯದಕ್ಕೂ ದಾರಿ ಕಾಣುತ್ತದೆ, ಎಷ್ಟೋ ಸಲ ಟೈರ್ ಬದಲಿಸದೆಯೇ.

ಇಲ್ಲಿ ಹೇಳುವುದು ಮುಖ್ಯವಾಗಿ ರಿಮ್ ಬ್ರೇಕ್ (ಚಕ್ರದ ರಿಮ್ಮನ್ನೇ ಹಿಡಿಯುವ ಬ್ರೇಕ್) ಇರುವ ಹಳೆಯ ವಿನ್ಯಾಸದ ಸೈಕಲ್ಲುಗಳ ವಿಷಯ. ಅವನ್ನು 23 ಅಥವಾ 25 ಮಿಲಿಮೀಟರ್ ಟೈರ್ ಲೆಕ್ಕಕ್ಕಿಟ್ಟುಕೊಂಡೇ ಮಾಡಿದ್ದು. ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 30, 32 ಸಲೀಸಾಗಿ ಕೂರುತ್ತದೆ. ಅಂಥವರಿಗೆ ಅಳತೆಯ ಭಾಗ ಓದಿದರೆ ಸಾಕು.

ಮೊದಲು ಉಜ್ಜುವ ಜಾಗ ಹುಡುಕಿ

ಸದ್ದು ಬಂದ ಕೂಡಲೇ ಟೈರ್ ದಪ್ಪ ಆಯ್ತು ಅಂದುಕೊಳ್ಳಬೇಡಿ. ಮಡ್‌ಗಾರ್ಡಿನ ತಂತಿ, ಉದ್ದ ಬಿಟ್ಟ ಗೇರ್ ಕೇಬಲ್ಲಿನ ತುದಿ, ಸ್ಪೀಡ್ ಸೆನ್ಸರ್, ಮುಂದಿನ ಡಿರೇಲರಿನ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಹಿಂಬದಿ ಇವೆಲ್ಲ ಟೈರಿಗೆ ತಾಗಿ ಅದೇ ಥರ ಸದ್ದು ಮಾಡುತ್ತವೆ. ಅದರಲ್ಲೂ ಡಿರೇಲರಿಗೆ ಕೇಬಲ್ ಕಚ್ಚಿಸುವ ಬೋಲ್ಟು. ಗೇರ್ ಚಿಕ್ಕ ಹಲ್ಲಿಗೆ ಬಂದಾಗ ಮಾತ್ರ ತಾಗುತ್ತದೆ, ದೊಡ್ಡದಕ್ಕೆ ಹಾಕಿದರೆ ಸುಮ್ಮನಾಗುತ್ತದೆ, ಅಥವಾ ಅದಕ್ಕೆ ಉಲ್ಟಾ. ಗೇರ್ ಬದಲಿಸಿದಾಗ ಸದ್ದು ಬಂದು ಹೋಗಿ ಮಾಡಿದರೆ ಮೊದಲ ಅನುಮಾನ ಅಲ್ಲಿಗೇ.

ಇದೆಲ್ಲ ಅಲ್ಲ ಅಂತ ಗೊತ್ತಾದ ಮೇಲೆ ಚಕ್ರ ಬಿಚ್ಚಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಹಿಂದೆ ಎರಡೂ ಚೈನ್‌ಸ್ಟೇಗಳ (ಪೆಡಲಿನ ಹತ್ತಿರದಿಂದ ಹಿಂದಿನ ಆಕ್ಸಲ್‌ವರೆಗೆ ಹೋಗುವ ಕೊಳವೆಗಳು) ಒಳಮೈ, ಸೀಟ್ ಟ್ಯೂಬಿನ ಬೆನ್ನು, ಬ್ರೇಕ್ ಕೂರಿಸುವ ಅಡ್ಡಪಟ್ಟಿ, ಕ್ಯಾಲಿಪರಿನ (ಪ್ಯಾಡ್ ಹಿಡಿದಿರುವ ಬ್ರೇಕಿನ ಕೈಗಳು) ಅಡಿಭಾಗ. ಮುಂದೆ ಚಕ್ರ ಹಿಡಿದಿರುವ ಫೋರ್ಕಿನ ನೆತ್ತಿ, ಅದರ ಎರಡು ಕಾಲುಗಳ ಒಳಮೈ. ಬಣ್ಣ ಸವೆದು ಹೊಳೆಯುತ್ತಿದ್ದರೆ ಅಥವಾ ಕಪ್ಪು ರಬ್ಬರ್ ಪುಡಿ ಅಂಟಿದ್ದರೆ ಜಾಗ ಸಿಕ್ಕಿತು. ಕಾರ್ಬನ್ ಫ್ರೇಮಿನಲ್ಲಿ ಬಣ್ಣ ಹೋಗಿ ಒಳಗಿನ ನೂಲು ಕಾಣುತ್ತಿದ್ದರೆ ಮುಂದೆ ಓದುವುದೂ ಬೇಡ, ಸೈಕಲ್ ಓಡಿಸುವುದೂ ಬೇಡ. ತಿಳಿದವರಿಗೆ ತೋರಿಸಿ.

ಗುರುತೇ ಕಾಣದಿದ್ದರೆ ಒಂದು ಸುಲಭದ ಉಪಾಯವಿದೆ. ಟೈರಿನ ಅಂಚಿಗೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಅನುಮಾನ ಇರುವ ಜಾಗಗಳಿಗೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ. ಒಂದು ಏರು ಹತ್ತಿ ಇಳಿದು ಬನ್ನಿ. ಬಿಳಿ ಎಲ್ಲಿ ಮೆತ್ತಿದೆಯೋ ಅಲ್ಲಿ ಉಜ್ಜುತ್ತಿದೆ. ಟೇಪಿಗೂ ಒಂದಿಷ್ಟು ದಪ್ಪ ಇದೆ ಅನ್ನೋದು ನೆನಪಿರಲಿ. ಟೇಪ್ ಇದ್ದಾಗ ಮಾತ್ರ ತಾಗಿದರೂ ಅದು ಒಳ್ಳೆಯ ಸುದ್ದಿಯೇನಲ್ಲ. ಸಂದು ಅಷ್ಟು ಕಮ್ಮಿ ಇದೆ ಅಂತ ಅರ್ಥ.

ಯಾವಾಗ ಉಜ್ಜುತ್ತದೆ ಅನ್ನೋದೇ ಅರ್ಧ ಉತ್ತರ

ಚಕ್ರ ಒಂದು ಸುತ್ತು ಬಂದಾಗ ಒಂದೇ ಸಲ 'ಸುರ್' ಅಂದರೆ ಟೈರಿನ ಅಗಲ ಕಾರಣವಲ್ಲ. ರಿಮ್ ಸೊಟ್ಟ ಆಗಿದೆ, ಇಲ್ಲವೇ ಟೈರ್ ರಿಮ್ಮಿನಲ್ಲಿ ಸರಿಯಾಗಿ ಕೂತಿಲ್ಲ. ಬ್ರೇಕ್ ಪ್ಯಾಡನ್ನೇ ಗುರುತಾಗಿ ಇಟ್ಟುಕೊಂಡು ಚಕ್ರ ನಿಧಾನ ತಿರುಗಿಸಿ. ರಿಮ್ ಅತ್ತಿತ್ತ ಓಲಾಡಿದರೆ ಕಡ್ಡಿ (ಸ್ಪೋಕ್) ಬಿಗಿ ಸರಿ ಮಾಡಿಸಬೇಕು. ರಿಮ್ ನೆಟ್ಟಗಿದ್ದು ಟೈರ್ ಮಾತ್ರ ಓಲಾಡಿದರೆ, ರಿಮ್ಮಿನ ಅಂಚಿಗೆ ಸಮನಾಗಿ ಟೈರಿನಲ್ಲಿ ಒಂದು ಗೆರೆ ಇರುತ್ತದಲ್ವಾ, ಅದನ್ನು ನೋಡಿ. ಅದು ಒಂದು ಕಡೆ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಅಂಚಿಗೆ ಸ್ವಲ್ಪ ಸೋಪಿನ ನೀರು ಸವರಿ ಮತ್ತೆ ಕೂರಿಸಿ. ಗೆರೆ ಸರಿಯಿದ್ದೂ ಒಂದು ಜಾಗದಲ್ಲಿ ಟೈರ್ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ. ಆ ಟೈರ್ ಕಸಕ್ಕೆ. ಅದರಲ್ಲಿ ಘಾಟಿ ಇಳಿಯುವ ಸಾಹಸ ಬೇಡ.

ಒಂದೇ ಬದಿಯಲ್ಲಿ ಸತತ ಉಜ್ಜಿದರೆ ಚಕ್ರ ನಡುವಿನಲ್ಲಿಲ್ಲ. ಹೆಚ್ಚಾಗಿ ಕ್ವಿಕ್ ರಿಲೀಸ್ (ಚಕ್ರ ಬಿಗಿಯುವ ಲಿವರ್) ಹಾಕುವಾಗ ಆಕ್ಸಲ್ ಪೂರ್ತಿ ಒಳಗೆ ಕೂತಿರುವುದಿಲ್ಲ. ಸೈಕಲ್ ನೆಲದ ಮೇಲೆ ನಿಲ್ಲಿಸಿ, ಸೀಟಿನ ಮೇಲೆ ಭಾರ ಬಿಟ್ಟು ಲಿವರ್ ಸಡಿಲಿಸಿ ಮತ್ತೆ ಬಿಗಿ ಮಾಡಿ. ಹೋಗದಿದ್ದರೆ ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಚಕ್ರವನ್ನು ಎಡಬಲ ತಿರುಗಿಸಿ ಹಾಕಿ ನೋಡಬಹುದು. ಹಿಂದಿನ ಚಕ್ರವಾದರೆ ಚೈನ್ ಪಕ್ಕಕ್ಕೆ ಬಿಟ್ಟು. ಉಜ್ಜುವ ಬದಿಯೂ ಬದಲಾದರೆ ತಪ್ಪು ಚಕ್ರದ್ದು, ಕಡ್ಡಿಗಳ ಎಳೆತ ಒಂದು ಕಡೆಗೆ ಜಾಸ್ತಿ ಇದೆ. ಬದಿ ಬದಲಾಗದಿದ್ದರೆ ಫ್ರೇಮ್ ಅಥವಾ ಫೋರ್ಕ್ ಸೊಟ್ಟ.

ಕೂತು ತುಳಿದಾಗ ಸುಮ್ಮನಿದ್ದು, ಎದ್ದು ನಿಂತು ತುಳಿದಾಗ ಮಾತ್ರ ಉಜ್ಜುವುದು ಮಲೆನಾಡಿನ ಕಾಯಿಲೆ. ಎದ್ದು ತುಳಿದರೆ ಸೈಕಲ್ ಅತ್ತಿತ್ತ ವಾಲುತ್ತದೆ, ಚಕ್ರಕ್ಕೆ ಪಕ್ಕದಿಂದ ಒತ್ತಡ ಬೀಳುತ್ತದೆ. ಕಡ್ಡಿ ಸಡಿಲ ಇದ್ದರೆ, ಹಬ್ಬಿನ ಕೋನ್ (ಬೇರಿಂಗ್ ಬಿಗಿ ಹಿಡಿಯುವ ಭಾಗ) ಸಡಿಲ ಇದ್ದರೆ ರಿಮ್ ಒಂದೆರಡು ಮಿಲಿಮೀಟರ್ ಸರಿಯಲು ಅಷ್ಟು ಸಾಕು. ಬಯಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ.

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಇದೇ ದೂರು ಹೊತ್ತು ಬಂದಿದ್ದ. "ಅಣ್ಣಾ, ಶಿವಮೊಗ್ಗಕ್ಕೆ ಬರುವಾಗ ಏನೂ ಇಲ್ಲ. ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಮಾತ್ರ ತಿರುವಿನಲ್ಲಿ ಎದ್ದು ನಿಂತರೆ ಸಾಕು, ಉಜ್ಜತ್ತೆ. ಅಂಗಡಿಯವರು 25 ಹಾಕು ಅಂತಾರೆ" ಅಂದ. ಹಿಂದಿನ ರಿಮ್ಮನ್ನು ಬ್ರೇಕ್ ಹತ್ತಿರ ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದೆ. ಟಕ್, ಟಕ್. ಹಬ್ಬಿನ ಬೇರಿಂಗಿನಲ್ಲಿ ಪ್ಲೇ ಇತ್ತು. ಕೋನ್ ಬಿಗಿ ಮಾಡಿದ ಮೇಲೆ ಸದ್ದು ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಟೈರಿಗೆ ವರ್ನಿಯರ್ (ಅಗಲ ಅಳೆಯುವ ಸಾಧನ) ಹಿಡಿದರೆ 28 ಅಂತ ಅಚ್ಚಾಗಿದ್ದ ಟೈರ್ 30 ತೋರಿಸಿತು. "ಇದರ ಮೇಲೆ 28 ಅಂತಲೇ ಇದ್ಯಲ್ಲ ಮಾರಾಯ್ರೇ!" ಅಂದ. ಎರಡು ಕಾರಣ ಸೇರಿ ಒಂದು ಸದ್ದು ಮಾಡುತ್ತಿದ್ದವು. ಒಂದನ್ನು ಮಾತ್ರ ಸರಿ ಮಾಡಿದ್ದರೆ ಎರಡು ತಿಂಗಳಿಗೆ ಮತ್ತೆ ಅದೇ ಕತೆ ಆಗುತ್ತಿತ್ತು.

ಈ ಯಾವುದೂ ಅಲ್ಲ, ಎರಡೂ ಬದಿ ಸಮನಾಗಿ ಅಥವಾ ನೆತ್ತಿಯಲ್ಲಿ ತಾಗುತ್ತಿದೆ ಅಂದರೆ ಮಾತ್ರ ಟೈರ್ ದೊಡ್ಡದಾಯಿತು ಅನ್ನಿ.

ಟೈರಿನ ಮೇಲಿನ ನಂಬರ್ ಯಾಕೆ ಸುಳ್ಳು ಹೇಳುತ್ತದೆ

ಟೈರಿನ ಮೇಲೆ 28-622 ಅಂತ ಇರುತ್ತದೆ. 622 ಅನ್ನೋದು ಟೈರ್ ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. 700ಸಿ ಅಂತ ಕರೆಯುವುದು ಇದನ್ನೇ. ಈ ನಂಬರ್ ನಂಬಬಹುದು. 28 ಮಾತ್ರ ಒಂದು ನಿರ್ದಿಷ್ಟ ಅಗಲದ ರಿಮ್ಮಿಗೆ ಹಾಕಿದರೆ ಸಿಗುವ ಅಂದಾಜು. ರಿಮ್ಮಿನ ಒಳ ಅಗಲ ಹೆಚ್ಚಿದಂತೆ ಟೈರಿನ ಎರಡು ಅಂಚು ದೂರ ಸರಿದು ಹೊಟ್ಟೆಯೂ ಅಗಲವಾಗುತ್ತದೆ. ರಿಮ್ ಒಂದು ಮಿಲಿಮೀಟರ್ ಅಗಲವಾದರೆ ಟೈರ್ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ ಅಂತ ಇಟ್ಟುಕೊಳ್ಳಿ.

ಹಳೆಯ ರಿಮ್ಮುಗಳ ಒಳ ಅಗಲ 13ರಿಂದ 15 ಮಿಲಿಮೀಟರ್. ಈಗಿನವು 19, 21, ಅದಕ್ಕೂ ಮೇಲೆ. ಹಳೆ ಸೈಕಲ್ಲಿಗೆ ಚೆಂದದ ಹೊಸ ವೀಲ್‌ಸೆಟ್ ಹಾಕಿಸಿದ ಮೇಲೆ ಅದೇ ಟೈರ್ ಉಜ್ಜಲು ಶುರುವಾಯಿತು ಅಂದರೆ ಇದೇ ಗುಟ್ಟು. 15ರ ರಿಮ್ಮಿನಲ್ಲಿ 25 ಇದ್ದ ಟೈರ್ 21ರ ರಿಮ್ಮಿನಲ್ಲಿ ಹೆಚ್ಚುಕಮ್ಮಿ 28 ಆಗಿ ಕೂತಿರುತ್ತದೆ. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ, ಯಾಕೆಂದರೆ ಟೈರ್ ಬದಲಾಗಿಲ್ಲವಲ್ಲ.

ಇನ್ನೊಂದು, ಹೊಸ ಟೈರ್ ಗಾಳಿ ತುಂಬಿಸಿದ ದಿನ ಇದ್ದಷ್ಟೇ ಇರುವುದಿಲ್ಲ. ಕೆಲವು ದಿನದಲ್ಲಿ ನೂಲು ಸಡಿಲಾಗಿ ಇನ್ನಷ್ಟು ಹಿಗ್ಗುತ್ತದೆ. ಆದ್ದರಿಂದ ಅಂಗಡಿಯಿಂದ ತಂದ ದಿನದ ಅಳತೆ ಕೊನೆಯ ಅಳತೆ ಅಲ್ಲ. ಓಡಿಸುವಷ್ಟೇ ಗಾಳಿ ತುಂಬಿಸಿ, ಕನಿಷ್ಠ ಒಂದು ರಾತ್ರಿ ಬಿಟ್ಟು, ವರ್ನಿಯರಿನಲ್ಲಿ ನಾಲ್ಕಾರು ಕಡೆ ಅಳೆದು ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದು ವಾರ ಓಡಿಸಿ ಮತ್ತೊಮ್ಮೆ ಅಳೆಯಿರಿ.

ಸಂದು ಅಳೆಯಲು ಅಲೆನ್ ಕೀ ಸಾಕು

ಫ್ರೇಮಿಗೂ ಟೈರಿಗೂ ನಡುವಿನ ಸಂದನ್ನು ಸ್ಕೇಲ್ ಇಟ್ಟು ಅಳೆಯಲು ಹೋದರೆ ಕಣ್ಣು ಮೋಸ ಮಾಡುತ್ತದೆ. ಮನೆಯಲ್ಲಿರುವ ಅಲೆನ್ ಕೀ ಸೆಟ್ಟೇ ಇದಕ್ಕೆ ಒಳ್ಳೆಯ ಗೇಜು. 4ರ ಕೀಯ ಎರಡು ಎದುರುಬದುರು ಸಪಾಟು ಮುಖಗಳ ನಡುವೆ ಸರಿಯಾಗಿ 4 ಮಿಲಿಮೀಟರ್ ಇರುತ್ತದೆ. ಮೂಲೆ ತಾಗದಂತೆ, ಸಪಾಟು ಮುಖ ಟೈರಿಗೂ ಫ್ರೇಮಿಗೂ ಬರುವಂತೆ ತೂರಿಸಿ. ಒತ್ತದೆ ಜಾರಿಕೊಂಡು ಹೋದರೆ ಆ ಜಾಗದಲ್ಲಿ 4 ಇದೆ. ಆಮೇಲೆ 5, 6 ಹಾಕಿ ನೋಡಿ. ಎಲ್ಲಿ ಸಿಕ್ಕಿಬೀಳುತ್ತದೋ ಅದಕ್ಕಿಂತ ಹಿಂದಿನದೇ ನಿಮ್ಮ ಸಂದು. ಚಕ್ರ ಒಂದೊಂದು ಕಾಲು ಸುತ್ತು ತಿರುಗಿಸಿ ಮತ್ತೆ ಮತ್ತೆ ಮಾಡಿ.

ಎಲ್ಲ ಕಡೆ ಕನಿಷ್ಠ 4 ಇರಬೇಕು ಅನ್ನೋದು ಸಾಮಾನ್ಯ ಕಟ್ಟಳೆ. ನಿಮ್ಮ ಸೈಕಲ್ ಕಂಪನಿ ಇಷ್ಟೇ ಅಗಲದ ಟೈರ್ ಅಂತ ಹೇಳಿದ್ದರೆ ಅದೇ ಕೊನೆಯ ಮಾತು.

ಟೈರ್ ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕಾ? ಚಕ್ರ ಬಿಚ್ಚಿ. 622ರ ಅರ್ಧ 311. ಟೈರಿನ ಹೊಟ್ಟೆ ಅದರ ಎತ್ತರದ ಸುಮಾರು ಅರ್ಧದಲ್ಲಿ ಬರುತ್ತದೆ. 28ರ ಟೈರಾದರೆ ಆಕ್ಸಲ್ ಕೂರುವ ಜಾಗದಿಂದ 325 ಮಿಲಿಮೀಟರ್ ದೂರ. ಅಷ್ಟು ದೂರದಲ್ಲಿ ಎರಡು ಚೈನ್‌ಸ್ಟೇಗಳ ಒಳಗಿನ ಅಂತರ ಅಳೆದು, ಅದರಿಂದ 8 ಕಳೆಯಿರಿ. 33 ಇದ್ದರೆ ನಿಜವಾದ ಅಳತೆಯ 25ರ ಟೈರಿಗೆ ಜಾಗ ಇದೆ. 36 ಇದ್ದರೆ 28. ಕೆಲವು ಫ್ರೇಮುಗಳಲ್ಲಿ ಹೊಟ್ಟೆಗಿಂತ ಹೊರಗಿನ ಅಂಚಿನ ಹತ್ತಿರ ಸ್ಟೇಗಳು ಇನ್ನಷ್ಟು ಕಿರಿದಾಗುತ್ತವೆ. ಅಲ್ಲೂ ಒಮ್ಮೆ ನೋಡಿ.

ಜನ ಮರೆಯುವುದು ಎತ್ತರವನ್ನು. ಟೈರ್ 25ರಿಂದ 28 ಆದರೆ ಪಕ್ಕದಲ್ಲಿ ಒಂದೊಂದು ಬದಿಗೆ ಒಂದೂವರೆ ಮಿಲಿಮೀಟರ್ ಹೋಗುತ್ತದೆ. ನೆತ್ತಿಯಲ್ಲಿ ಮಾತ್ರ ಸುಮಾರು ಮೂರೂ ಹೋಗುತ್ತದೆ, ಯಾಕೆಂದರೆ ಅಲ್ಲಿ ಹಂಚಿಕೊಳ್ಳಲು ಎರಡು ಬದಿ ಇಲ್ಲ. ಚೈನ್‌ಸ್ಟೇ ಹತ್ತಿರ ಆರಾಮಾಗಿ ಕಂಡ ಟೈರ್ ಬ್ರೇಕಿನ ಅಡಿಯಲ್ಲಿ ಸಿಕ್ಕಿಕೊಳ್ಳುವುದು ಇದಕ್ಕೇ. ಚಿಕ್ಕ ಕ್ಯಾಲಿಪರ್ ಬ್ರೇಕುಗಳಲ್ಲಿ ಮೊದಲು ತಾಗುವ ಜಾಗ ಅದೇ.

4 ಮಿಲಿಮೀಟರ್ ಒಣ ರಸ್ತೆಯ ಲೆಕ್ಕ

ನನ್ನ ಪ್ರಕಾರ ಇಲ್ಲಿ ಮಳೆಗಾಲದಲ್ಲೂ ಓಡಿಸುವವರಿಗೆ 4 ಸಾಲದು. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಕಡೆ ಹೋಗುವಾಗ ಡಾಂಬರು ಚೆನ್ನಾಗೇ ಇರುತ್ತದೆ. ಆದರೆ ತೋಟದ ದಾರಿ ರಸ್ತೆಗೆ ಸೇರುವ ಕಡೆಯೆಲ್ಲ ಟ್ರ್ಯಾಕ್ಟರ್ ಚಕ್ರಗಳು ಕೆಂಪು ಮಣ್ಣು ತಂದು ಹರಡಿರುತ್ತವೆ. ಒದ್ದೆಯಾದ ಆ ಮಣ್ಣಿಗೆ ಕೊಳೆತ ಎಲೆ, ಅಡಿಕೆ ಸಿಪ್ಪೆಯ ನಾರು ಸೇರಿದರೆ ಟೈರಿಗೆ ಅಂಟಿ ಫ್ರೇಮಿನ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಹೊಸನಗರ, ನಗರ ಅನ್ನುವ ಊರಿನ ಕಡೆಯ ಒಳರಸ್ತೆಗಳಲ್ಲಿ ಜಂಬಿಟ್ಟಿಗೆ ಪುಡಿಯೂ ಸೇರುತ್ತದೆ. ಆಮೇಲೆ ಟೈರ್ ಫ್ರೇಮಿಗೆ ತಾಗಬೇಕಾಗಿಯೇ ಇಲ್ಲ. ನಡುವೆ ಕೂತ ಮಣ್ಣೇ ಉಪ್ಪುಕಾಗದದ ಹಾಗೆ ಬಣ್ಣ ಕೆರೆಯುತ್ತದೆ.

ಜಲ್ಲಿಯ ಕತೆ ಇನ್ನೂ ಕೆಟ್ಟದ್ದು. ಗುಂಡಿ ಮುಚ್ಚಿದ ಕಡೆ ಬೇಬಿ ಜಲ್ಲಿ ಎದ್ದು ಬಿದ್ದಿರುತ್ತದೆ. ಒಂದು ಚೂರು ಒದ್ದೆ ಟೈರಿಗೆ ಅಂಟಿ ಮೇಲೆ ಬಂದು 4 ಮಿಲಿಮೀಟರ್ ಸಂದಿನಲ್ಲಿ ಸಿಕ್ಕಿಕೊಂಡರೆ ಹಿಂದೆಯಾದರೆ ಗೀರು. ಮುಂದೆ ಫೋರ್ಕಿನ ನೆತ್ತಿಯಲ್ಲಾದರೆ ಚಕ್ರವೇ ಹಿಡಿದುಕೊಳ್ಳಬಹುದು, ಸವಾರ ಹ್ಯಾಂಡಲ್ ಮೇಲಿಂದ ಹಾರಬಹುದು. ಹಿಂದೆ ಚೌಕಾಸಿ ಮಾಡಿದರೂ ಮುಂದೆ ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಓಡಿಸುವವರಿಗೆ ನಾನು ಹೇಳುವುದು 6. 6ರ ಅಲೆನ್ ಕೀ ಎಲ್ಲ ಕಡೆ ತೂರಬೇಕು. ಮಡ್‌ಗಾರ್ಡ್ ಹಾಕುವುದಿದ್ದರೆ ಅದರ ಕೆಳಗೂ ಅಷ್ಟೇ ಸಂದು ಬೇಕು. ಹಳೆ ರೋಡ್ ಬೈಕುಗಳಲ್ಲಿ 28ರ ಟೈರೂ ಮಡ್‌ಗಾರ್ಡೂ ಒಟ್ಟಿಗೆ ಕೂರುವುದು ಅಪರೂಪ. ಸೀಟಿಗೆ ಕಚ್ಚಿಸುವ ಚಿಕ್ಕ ಮಡ್‌ಗಾರ್ಡ್ ಬೆನ್ನು ಕಾಯುತ್ತದೆ, ಅಷ್ಟಕ್ಕೇ ತೃಪ್ತಿ ಪಡಬೇಕು.

ಹಾಗಾದರೆ ಯಾವುದು ಹಾಕುವುದು?

ಮುಂದೆ ಹಿಂದೆ ಎರಡಕ್ಕೂ ಒಂದೇ ಅಗಲ ಇರಲೇಬೇಕು ಅಂತೇನಿಲ್ಲ. ಎರಡನ್ನೂ ಬೇರೆ ಬೇರೆ ಅಳೆಯಿರಿ. ಎಷ್ಟೋ ಫ್ರೇಮುಗಳಲ್ಲಿ ಹಿಂದೆ ಚೈನ್‌ಸ್ಟೇ ಬಿಗಿ, ಮುಂದೆ ಫೋರ್ಕಿನಲ್ಲಿ ಜಾಗ ಇರುತ್ತದೆ. ಹಾಗಿದ್ದರೆ ಮುಂದೆ 28, ಹಿಂದೆ 25 ಹಾಕಿ. ಕೈ ಜೋಮು ಬರುವುದು ಮುಂದಿನ ಚಕ್ರದಿಂದ, ಒದ್ದೆ ತಿರುವಿನಲ್ಲಿ ಹಿಡಿತ ಬೇಕಾಗುವುದೂ ಅಲ್ಲೇ. ಫೋರ್ಕಿನ ನೆತ್ತಿಯೇ ಬಿಗಿ ಇದ್ದರೆ ಈ ದಾರಿ ಇಲ್ಲ. ಆಗ ಎರಡೂ ಕಡೆ 25.

ಅಗಲ ರಿಮ್ ಇರುವವರು 'ಹೆಸರಿಗೆ 25' ಕೊಂಡರೆ ಸಾಕು, ಅದು ನಿಜದಲ್ಲಿ 27ರ ಹತ್ತಿರ ಬರುತ್ತದೆ. 28 ಅಂತ ಬರೆದದ್ದನ್ನು ಹಟ ಹಿಡಿದು ತುರುಕಿ ಸಂದು ಕಳೆದುಕೊಳ್ಳುವುದಕ್ಕಿಂತ ಇದು ವಾಸಿ. ರಿಮ್ ಕಂಪನಿ ಹೇಳಿದ ಕನಿಷ್ಠ ಟೈರ್ ಅಗಲ ಮಾತ್ರ ನೋಡಿಕೊಳ್ಳಿ. ಒಳ ಅಂಚಿನಲ್ಲಿ ಟೈರ್ ಹಿಡಿಯುವ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ಮಾದರೆ ಇನ್ನೂ ಎಚ್ಚರ. ಅವುಗಳಲ್ಲಿ ಗಾಳಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟುವಂತಿಲ್ಲ. ಸಣ್ಣ ಟೈರುಗಳು ಅದಕ್ಕೆ ಹೊಂದುವುದೂ ಇಲ್ಲ.

ಫ್ರೇಮಿನ ಒಳಮೈ ಫೈಲಿನಲ್ಲಿ ಉಜ್ಜಿ ಜಾಗ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಕೈ ಮುಗಿದು ವಾಪಸ್ ಬನ್ನಿ. ಗಾಳಿ ಕಮ್ಮಿ ಮಾಡಿ ಟೈರ್ ಕುಗ್ಗಿಸಿ ತೂರಿಸುವುದೂ ಅಷ್ಟೇ ದಡ್ಡತನ. ನೆಲಕ್ಕೆ ತಾಗುವ ಕಡೆ ಟೈರ್ ಚಪ್ಪಟೆಯಾದರೂ ಬ್ರೇಕ್ ಅಡಿಯಲ್ಲಿ ಅದು ಪೂರ್ತಿ ಎತ್ತರಕ್ಕೇ ಇರುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಪ್ಯಾಡುಗಳನ್ನು ಅಗಲಿಸುವ ಬ್ರೇಕಿನ ಚಿಕ್ಕ ಲಿವರ್ ತೆರೆದು, ಗಾಳಿ ತುಂಬಿದ ಚಕ್ರವನ್ನು ಬಿಚ್ಚಿ ಹಾಕಿ ನೋಡಿ. ಪ್ಯಾಡುಗಳ ನಡುವೆ ತೂರದೆ ಪ್ರತಿ ಸಲ ಗಾಳಿ ಬಿಡಬೇಕಾದರೆ ಅದು ದೋಷ ಅಲ್ಲ, ಆದರೆ ಮಳೆಯಲ್ಲಿ ಹುಲಿಕಲ್ ಘಾಟಿಯ ನಡುವೆ ಪಂಚರ್ ಆದಾಗ ಟ್ಯೂಬ್ ಬದಲಿಸಿ, ಚಕ್ರ ಕೂರಿಸಿದ ಮೇಲೇ ಪಂಪ್ ಹೊಡೆಯಬೇಕು. ಗೊತ್ತಿದ್ದರೆ ಒಳ್ಳೆಯದು.

25ರಲ್ಲೇ ಇರಬೇಕಾದರೆ ಗಾಳಿ ನೋಡಿ

ಮೊದಲನೆಯ ದೂರಿಗೆ ಬರೋಣ. ಕೈ ಜೋಮು ಹಿಡಿಯುವವರಲ್ಲಿ ಜಾಸ್ತಿ ಜನ ಗಾಳಿ ಸಿಕ್ಕಾಪಟ್ಟೆ ಹೊಡೆದಿರುತ್ತಾರೆ. ಟೈರಿನ ಮೇಲೆ 120 ಪಿಎಸ್‌ಐ ಅಂತ ಅಚ್ಚಾಗಿದೆ, ಅಷ್ಟು ಹೊಡೆಯಿರಿ ಅನ್ನುತ್ತಾರೆ. ಅದು ಮೀರಬಾರದ ಗೆರೆ, ಹಾಕಬೇಕಾದ ಅಳತೆ ಅಲ್ಲ. 70 ಕೆಜಿ ತೂಕದವರು ನಿಜವಾದ 25ರ ಟೈರಿಗೆ ಹಿಂದೆ 80ರಿಂದ 85, ಮುಂದೆ 75ರ ಸುಮಾರಿಗೆ ಶುರು ಮಾಡಬಹುದು. 28 ಇದ್ದರೆ ಹಿಂದೆ 70, ಮುಂದೆ 65. ತೂಕ ಜಾಸ್ತಿ ಇದ್ದರೆ ಏರಿಸಿ, ಕಮ್ಮಿ ಇದ್ದರೆ ಇಳಿಸಿ. 100ರಿಂದ 80ಕ್ಕೆ ಇಳಿಸಿದಾಗ ಸಿಗುವ ಸುಖ ಎಷ್ಟೋ ಜನಕ್ಕೆ 28ರ ಆಸೆಯನ್ನೇ ಬಿಡಿಸುತ್ತದೆ.

ಮಿತಿ ಯಾವುದು ಅಂತ ಪಂಚರ್ ಆದ ಟ್ಯೂಬೇ ಹೇಳುತ್ತದೆ. ಅಕ್ಕಪಕ್ಕ ಹಾವು ಕಚ್ಚಿದ ಹಾಗೆ ಎರಡು ತೂತು ಇದ್ದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಕಚ್ಚಿಕೊಂಡಿದೆ. 5 ಪಿಎಸ್‌ಐ ಏರಿಸಿ. ಒಂದೇ ತೂತಾದರೆ ಮುಳ್ಳೋ ಗಾಜೋ, ಗಾಳಿಯ ತಪ್ಪಲ್ಲ. ನಿಖರ ಗೇಜಿಲ್ಲದ ಪಂಪಿನಲ್ಲಿ ಈ ಆಟ ಆಡಬೇಡಿ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ 70 ಕೂಡ ಕಲ್ಲೇ, 100 ಕೂಡ ಕಲ್ಲೇ.

ಇಷ್ಟಾಗಿಯೂ ದಿನಾ ಓಡಾಡುವುದು ಮಣ್ಣು ರಸ್ತೆಯಲ್ಲೇ, ತೋಟದಿಂದ ಊರಿಗೆ ಅಂತಾದರೆ ಆ ಫ್ರೇಮನ್ನು ಹಿಂಸಿಸುವುದರಲ್ಲಿ ಅರ್ಥವಿಲ್ಲ. 35, 38ರ ಟೈರ್ ಹಿಡಿಯುವ ಹೈಬ್ರಿಡ್ಡೋ ಗ್ರಾವೆಲ್ ಸೈಕಲ್ಲೋ ನೋಡಿ. ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಜೇಬಿನಲ್ಲಿ 4ರ ಮತ್ತು 6ರ ಅಲೆನ್ ಕೀ ಇರಲಿ. ಮಾರುವವರು 32 ಆರಾಮಾಗಿ ಹಿಡಿಯುತ್ತೆ ಅಂದರೆ ಮೊದಲು ಈಗಿರುವ ಟೈರಿನ ಅಕ್ಕಪಕ್ಕ, ಬ್ರೇಕಿನ ಅಡಿ, ಫೋರ್ಕಿನ ನೆತ್ತಿ ಮೂರೂ ಕಡೆ ತೂರಿಸಿ ನೋಡಿ. ಚೈನ್‌ಸ್ಟೇ ಒಳಮೈಯಲ್ಲಿ ಹೊಸದಾಗಿ ಸ್ಟಿಕರ್ ಅಂಟಿಸಿದ್ದರೆ ಅದನ್ನು ಕಿತ್ತು ನೋಡಲು ಬಿಡುತ್ತಾರಾ ಅಂತ ಕೇಳಿ. ಬಿಡದಿದ್ದರೆ ವ್ಯಾಪಾರ ಬೇಡ.